ಆರಾಮಾದವರಿಗೆ ಫೈಲಿಲ್ಲ

ಸುಲ್ತಾನ್ ಬಜಾರ್, ಹೈದರಾಬಾದ್
16 ಜೂನ್ 2002

ಅಕ್ಕಾ,

ಈ ಪತ್ರವನ್ನು ನೆಲದ ಮೇಲೆ ಬೋರಲಾಗಿ ಮಲಗಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಕುರ್ಚಿಯಲ್ಲಿ ಹತ್ತು ನಿಮಿಷ ಕೂತರೆ ಸೊಂಟದಿಂದ ಬಲಗಾಲಿನ ಹೆಬ್ಬೆರಳಿನವರೆಗೆ ಯಾರೋ ಕಾಯಿಸಿದ ತಂತಿ ಎಳೆದಂತಾಗುತ್ತದೆ. ನಿಂತರೆ ಇನ್ನೊಂದಿಷ್ಟು ಹೊತ್ತು ತಡೆದುಕೊಳ್ಳಬಹುದು. ಮಲಗಿದಾಗ ಮಾತ್ರ ನಾನು ಮನುಷ್ಯಳಂತಿರುತ್ತೇನೆ.

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಗದಗಿನ ಮನೆಯ ಫೋನು ಪಡಸಾಲೆಯಲ್ಲಿ, ನಿನ್ನ ಅತ್ತೆಯ ಮಂಚಕ್ಕೆ ಅಂಟಿಕೊಂಡಿದೆ. ನೀನು ‘ಹೂಂ’, ‘ಇಲ್ಲ’ ಬಿಟ್ಟು ಮೂರನೆಯ ಮಾತು ಆಡುವುದಿಲ್ಲ. ನನಗೆ ಈಗ ಅಷ್ಟು ಸಾಲದು.

ಮೊನ್ನೆ ಡಾಕ್ಟರು ಎಂ.ಆರ್.ಐ. ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಕೆಳಗಿನಿಂದ ಎರಡನೆಯ ಡಿಸ್ಕು ಜಾರಿ ನರದ ಮೇಲೆ ಕೂತಿದೆಯಂತೆ. ಒಂದೂವರೆ ವರ್ಷ ಮಾತ್ರೆ, ಬೆಲ್ಟು, ವ್ಯಾಯಾಮ ಎಲ್ಲ ಆಯಿತು, ಇನ್ನು ಆಪರೇಶನ್ ಮಾಡಿಸುವುದೇ ಒಳ್ಳೆಯದು, ಅದೂ ಕಾಲಿನ ಬಲ ಹೋಗುವ ಮೊದಲು ಎಂದರು. ನಮ್ಮವರನ್ನು ಕೇಳಿದೆ. ಬೇಗಂ ಬಜಾರಿನ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಖಡಾಖಂಡಿತ ಮಾತಾಡುವ ಮನುಷ್ಯ, ನನ್ನ ಮುಂದೆ ಮಾತ್ರ ಅತ್ತಿತ್ತ ನೋಡಿದರು. “ನಿನ್ನ ಮೈ, ನೀನ ನೋಡು. ನಾ ಹೂಂ ಅಂದು ನಾಳೆ ಏನರ ಆದ್ರ ಜಲ್ಮಪೂರ್ತಿ ನಿನ್ನ ಕಡೆ ಅನಿಸ್ಕೋಬೇಕು” ಎಂದರು. ಧೈರ್ಯ ಹೇಳುವುದೆಂದರೆ ಅವರ ಲೆಕ್ಕದಲ್ಲಿ ಅದೇ.

ನನ್ನ ಹೆದರಿಕೆಗೆ ಕಾರಣ ಬೇರೆ. ‘ನನ್ನ ತಂಗಿ ಕಂಪ್ಯೂಟರ್ ಕಂಪನಿಯಲ್ಲಿದ್ದಾಳೆ’ ಎಂದು ನೀನು ಅಲ್ಲಿ ಹೇಳಿಕೊಂಡು ತಿರುಗುತ್ತೀಯಲ್ಲ, ನಿಜ ಹೇಳಬೇಕೆಂದರೆ ನಾನು ಟೈಪಿಸ್ಟು. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿದ ಮೇಲೆ ಏನಾಯಿತೆಂದು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿಡುತ್ತಾರೆ. ಕೊಂಡಾಪುರದ ಗಾಜಿನ ಕಟ್ಟಡದಲ್ಲಿ ನಾವು ನಲವತ್ತು ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಾಲಲ್ಲಿ ಪೆಡಲ್ ಒತ್ತುತ್ತ ಅದನ್ನು ಟೈಪ್ ಮಾಡುತ್ತೇವೆ. ಪೆಡಲ್ ಒತ್ತಿದರೆ ದನಿ ಓಡುತ್ತದೆ, ಎತ್ತಿದರೆ ನಿಲ್ಲುತ್ತದೆ. ಐದು ವರ್ಷದಿಂದ ನನ್ನ ಪಾಲಿಗೆ ಎಲುಬಿನ ಡಾಕ್ಟರೇ ಬಂದಿದ್ದಾರೆ. ಬೆನ್ನಿನ ಆಪರೇಶನ್ ಆದವರು ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಬಂದು ‘ನೋವು ಹಾಗೇ ಇದೆ’ ಅನ್ನುವುದನ್ನು ಇದೇ ಬೆರಳುಗಳು ಟೈಪ್ ಮಾಡಿವೆ. ರೋಗಿಗಳ ವಿಷಯ ಹೊರಗೆ ಒಯ್ಯಬಾರದೆಂಬ ನಿಯಮವಿದೆ. ಆದರೂ ನನ್ನ ನೋವು ಶುರುವಾದಾಗಿನಿಂದ, ಹೆಸರು ಬರೆಯದೆ, ವಯಸ್ಸು ಮತ್ತು ಏನಾಯಿತು ಎನ್ನುವುದನ್ನಷ್ಟೇ ನಮ್ಮ ಪೂರ್ವಿ ಶಾಲೆಯಲ್ಲಿ ಬರೆದು ಬಿಟ್ಟ ಹಳೆಯ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದೇನೆ. ಇವತ್ತಿಗೆ ನಲವತ್ತೊಂದು ಜನ. ಒಬ್ಬರೂ ಆರಾಮಾಗಿಲ್ಲ ಅಕ್ಕಾ, ಒಬ್ಬರೂ.

ನನಗೆ ಗೊತ್ತಿರುವವರಲ್ಲಿ ಈ ಆಪರೇಶನ್ ಆಗಿರುವುದು ನಿನಗೊಬ್ಬಳಿಗೇ. ಮಿರಜಿನಲ್ಲಿ ಆಗಿ ನಾಲ್ಕು ವರ್ಷವಾಯಿತು. ನಿಜ ಹೇಳು, ಹೇಗಿದ್ದೀಯ? ಬಗ್ಗಲು ಬರುತ್ತದೆಯೇ? ಕೂತು ಏಳಲು ಬರುತ್ತದೆಯೇ? ನೀನು ಹೇಳಿದಂತೆ ಮಾಡುತ್ತೇನೆ.

ನಿನ್ನ
ಶಾಮಲಾ


ಗದಗ
29 ಜೂನ್ 2002

ಶಾಮೂ,

ಹಲ್ಲು ಕೀಳಿಸಲು ಹೋಗಿ ಮೂರು ಸಲ ದವಾಖಾನೆಯ ಬಾಗಿಲಿಂದ ಓಡಿ ಬಂದವಳು ನೀನು. ಆಗ ನಿನ್ನ ಜಡೆ ಹಿಡಿದು ಒಳಗೆ ಎಳೆದುಕೊಂಡು ಹೋದವಳು ನಾನು. ಈಗ ಹೈದರಾಬಾದು ದೂರವಾಯಿತು, ಇಲ್ಲದಿದ್ದರೆ ಇಷ್ಟು ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಮಾಡಿಸಿಕೋ. ಓದಿದ ಡಾಕ್ಟರು ಕಾಲಿನ ಬಲದ ಮಾತು ಎತ್ತಿದ್ದಾರೆ ಅಂದ ಮೇಲೆ ಯೋಚನೆ ಮಾಡುತ್ತ ಕೂರಬೇಡ. ನಿಮ್ಮವರಿಗೆ, ಗುರುಬಸವ ಅವರಿಗೆ, ಅಂಗಡಿಗೆ ರಜೆ ಹಾಕಲು ಹೇಳು. ಆ ನೋಟ್‌ಬುಕ್ಕನ್ನು ರದ್ದಿಗೆ ಹಾಕು.

ನನ್ನದು ಏನು ಕೇಳುತ್ತೀ, ನಡೆದಿದೆ. ನನ್ನ ಬೆನ್ನಿನ ಕಥೆ ಈ ಮನೆಯ ಕಥೆ. ಅದನ್ನು ಕಾಗದದ ಮೇಲೆ ಇಡಲಾರೆ. ಅತ್ತೆಗೆ ಓದು ಬರುವುದಿಲ್ಲ ನಿಜ, ಆದರೆ ಓದಿ ಹೇಳುವವರು ಮನೆತುಂಬ ಇದ್ದಾರೆ. ಈ ಸಲದ ನಿನ್ನ ಪತ್ರ ಪುಣ್ಯಕ್ಕೆ ನನ್ನ ಕೈಗೇ ಸಿಕ್ಕಿತು. ಇನ್ನು ಮೇಲೆ ಓಣಿಯ ತುದಿಯಲ್ಲಿರುವ ನನ್ನ ಗೆಳತಿ ನಳಿನಿಯ ವಿಳಾಸಕ್ಕೆ ಹಾಕು, ಈ ಕಾಗದದ ಹಿಂಬದಿಗೆ ಬರೆದಿದ್ದೇನೆ. ನನ್ನ ಬೆನ್ನಿನ ವಿಷಯ ಮಾತ್ರ ಮತ್ತೆ ಮತ್ತೆ ತೆಗೆಯಬೇಡ.

ಯಾವ ದಿನ ಎಂದು ಗೊತ್ತಾದ ಕೂಡಲೇ ಬರೆ. ಪೂರ್ವಿಗೆ ಮುತ್ತು.

ಮಂದಾಕಿನಿ


ಸುಲ್ತಾನ್ ಬಜಾರ್
21 ಜುಲೈ 2002

ಅಕ್ಕಾ,

ನಮ್ಮ ಕೆಲಸದಲ್ಲಿ ಮೊದಲ ದಿನವೇ ಒಂದು ಪಾಠ ಹೇಳಿಕೊಡುತ್ತಾರೆ. ಡಾಕ್ಟರು ಒಂದು ಶಬ್ದ ನುಂಗಿದರೆ ಊಹೆ ಮಾಡಿ ತುಂಬಬಾರದು, ಆ ಜಾಗ ಖಾಲಿ ಬಿಡಬೇಕು. ಒಂದು ಶಬ್ದ ಹೆಚ್ಚುಕಡಿಮೆಯಾದರೆ ಒಬ್ಬರ ಜೀವಕ್ಕೆ ಬರುತ್ತದೆ. ನಿನ್ನ ಪತ್ರದ ತುಂಬ ಖಾಲಿ ಜಾಗ. ಎರಡು ವಾರ ಅದನ್ನು ಹಿಂದೆ ಮುಂದೆ ಓದಿದೆ. ‘ನಡೆದಿದೆ’ ಅಂದರೇನು? ಚೆನ್ನಾಗಿರುವವರು ಯಾರಾದರೂ ‘ನಡೆದಿದೆ’ ಅನ್ನುತ್ತಾರೆಯೇ? ಕಾಗದದ ಮೇಲೆ ಇಡಲಾರದ್ದು ಏನಿರುತ್ತದೆ, ದುಃಖವಲ್ಲದೆ?

ನಾಲ್ಕು ವರ್ಷದಿಂದ ನೀನು ನಮ್ಮ ಮನೆಗೆ ಬಂದಿಲ್ಲ. ಪೂರ್ವಿಯ ಕಿವಿ ಚುಚ್ಚಿಸಿದಾಗ ಬರಲಿಲ್ಲ, ಅಪ್ಪನ ವರ್ಷದ ತಿಥಿಗೂ ಬರಲಿಲ್ಲ. ಪ್ರತಿ ಸಲ ‘ಬಸ್ಸಿನಲ್ಲಿ ಕೂರಲು ಆಗುವುದಿಲ್ಲ’ ಎಂದೆ. ನನಗೆ ಆಗಲೇ ತಿಳಿಯಬೇಕಿತ್ತು.

ಖಾಲಿ ಜಾಗವನ್ನು ನಿನ್ನ ಗಂಡನೇ, ಕಲ್ಯಾಣಪ್ಪ ಮಾಮಾನೇ ತುಂಬಿಬಿಟ್ಟರು. ಕಳೆದ ಬುಧವಾರ ಬ್ಯಾಡಗಿ ಮೆಣಸಿನಕಾಯಿಯ ಲೋಡಿನ ಜೊತೆ ಬೇಗಂ ಬಜಾರಿಗೆ ಬಂದಿದ್ದರು, ನಮ್ಮವರ ಜೊತೆ ಮನೆಗೂ ಬಂದರು. ನಾನು ಚಾಪೆಯಿಂದ ಏಳುವುದನ್ನು ನೋಡಿ ಅವರ ಮುಖ ಇಳಿದುಹೋಯಿತು. ನಾನೇ ಕೇಳಿದೆ, “ಮಾಮಾ, ಅಕ್ಕ ಹೆಂಗದಾಳ್ರಿ, ಖರೇ ಹೇಳ್ರಿ.” ಚಹಾದ ಬಸಿ ಕೆಳಗಿಟ್ಟು, “ಏನ್ ಹೇಳ್ಲಿ ಶಾಮಲಾ. ನಿಮ್ಮಕ್ಕ ನಾಕು ವರ್ಷಾತು, ಒಂದು ಕೊಡ ಎತ್ತಿಲ್ಲ, ಒಂದು ರೊಟ್ಟಿ ಬಡದಿಲ್ಲ. ಬಗ್ಗಿದ್ಲು ಅಂದ್ರ ‘ಅವ್ವಾ’ ಅಂತ ಗ್ವಾಡಿ ಹಿಡೀತಾಳ. ಆಪರೇಶನ್ ಅನ್ನೋದು ಹೆಸರಿಗಷ್ಟ ಆತು. ನೀನರ ಬ್ಯಾಡವಾ” ಎಂದರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಇಷ್ಟು ಒಳ್ಳೆಯ ಗಂಡ ನಿನಗೆ ಸಿಕ್ಕಿದ್ದಾನೆ, ನೀನು ಮಾತ್ರ ನನ್ನಿಂದ ಎಲ್ಲ ಮುಚ್ಚಿಟ್ಟೆ.

ನೀನು ಹಾಗೆ ಮುಚ್ಚಿಟ್ಟಿದ್ದು ನನ್ನ ಧೈರ್ಯ ಕೆಡಬಾರದೆಂದೇ ಎನ್ನುವುದು ನನಗೆ ಗೊತ್ತು, ಸಿಟ್ಟಿಲ್ಲ. ನಿನ್ನನ್ನೂ ಸೇರಿಸಿ ನೋಟ್‌ಬುಕ್ಕಿನಲ್ಲಿ ನಲವತ್ತೆರಡಾಯಿತು. ನಿನ್ನೆ ಡಾಕ್ಟರಿಗೆ ಆಪರೇಶನ್ ಬೇಡವೆಂದು ಹೇಳಿ ಬಂದೆ. ಅವರು ಏನೋ ಹೇಳುತ್ತಿದ್ದರು, ನಾನು ಅರ್ಧಕ್ಕೇ ಎದ್ದು ಬಂದೆ, ಕೂರಲು ಆಗಲಿಲ್ಲ.

ಶಾಮಲಾ


ಗದಗ
2 ಆಗಸ್ಟ್ 2002

ಶಾಮಲಾ,

ನಿನಗೆ ತಲೆ ಕೆಟ್ಟಿದೆಯೇ? ನಾನು ಮಾಡಿಸಿಕೋ ಎಂದು ಬರೆದೆ, ನೀನು ಬೇಡವೆಂದು ಹೇಳಿ ಬಂದೆ. ‘ನೀನು ಹೇಳಿದಂತೆ ಮಾಡುತ್ತೇನೆ’ ಎಂದವಳು ಯಾರು?

ನಿನ್ನ ಮಾಮಾ ಹೇಳಿದ್ದನ್ನು ಹಿಡಿದುಕೊಂಡು ಕೂರಬೇಡ. ಅವರು ಕಣ್ಣಿಂದ ನೋಡಿದ್ದನ್ನು ಹೇಳಿದ್ದಾರೆ, ಅವರ ತಪ್ಪಿಲ್ಲ. ಆದರೆ ಅದು ಹಾಗಲ್ಲ. ಇದಕ್ಕಿಂತ ಹೆಚ್ಚು ನನ್ನಿಂದ ಬರೆಸಬೇಡ. ನಿನಗೆ ಕೈ ಮುಗಿಯುತ್ತೇನೆ, ಮತ್ತೆ ಆ ಡಾಕ್ಟರ ಹತ್ತಿರ ಹೋಗು.

ಮಂದಾಕಿನಿ


ಸುಲ್ತಾನ್ ಬಜಾರ್
15 ಸೆಪ್ಟೆಂಬರ್ 2002

ಅಕ್ಕಾ,

ಎಂಟು ವಾರ ಪತ್ರ ಬರೆಯಲಿಲ್ಲ. ಬರೆಯಲು ಒಳ್ಳೆಯದೇನೂ ಇರಲಿಲ್ಲ.

ಆಗಸ್ಟ್ ಪೂರ್ತಿ ಸಿಕ್ಕ ಸಿಕ್ಕವರಿಗೆಲ್ಲ ಬೆನ್ನು ಕೊಟ್ಟೆ. ಒಬ್ಬರು ಎಣ್ಣೆ ಹಾಕಿ ತಿಕ್ಕಿದರು. ಕಾಚಿಗೂಡದ ಹತ್ತಿರ ಒಬ್ಬ ಹಕೀಮರು ಪಟ್ಟಿ ಹಾಕಿ, ಇಪ್ಪತ್ತೊಂದು ದಿನ ಬಿಚ್ಚಬೇಡಿ ಎಂದರು, ಒಂಬತ್ತನೆಯ ದಿನ ಚರ್ಮ ಸುಲಿದು ಬಂತು. ಪಕ್ಕದ ಮನೆಯಾಕೆ ಹೇಳಿದಳೆಂದು ನೆಲದ ಮೇಲೆ ಮಲಗಿ ಪೂರ್ವಿಯನ್ನು ಬೆನ್ನ ಮೇಲೆ ನಿಲ್ಲಿಸಿಕೊಂಡೆ. ಆ ಕೂಸು ಇಳಿದು ಅಳುತ್ತ ಕೂತಿತು, “ಅವ್ವಾ, ನಿನಗ ಏನರ ಆತಂದ್ರ?” ಎಂದು. ನನ್ನ ಹುಚ್ಚುತನಕ್ಕೆ ನಾನೇ ಬೈದುಕೊಂಡೆ.

ಆಫೀಸಿನಲ್ಲಿ ಕೀಬೋರ್ಡನ್ನು ಕಬ್ಬಿಣದ ಕಪಾಟಿನ ಮೇಲಿಟ್ಟುಕೊಂಡು ನಿಂತೇ ಟೈಪ್ ಮಾಡುತ್ತಿದ್ದೆ. ಹುಡುಗ ಹುಡುಗಿಯರು ಮೊದಲು ನಕ್ಕರು, ಆಮೇಲೆ ನೋಡುವುದನ್ನು ಬಿಟ್ಟರು. ಎರಡು ವಾರದ ಹಿಂದೆ ಹೀಗಾಯಿತು. ಡಾಕ್ಟರು ಏನೋ ನುಂಗಿದರು, ದನಿ ನಿಲ್ಲಿಸೋಣವೆಂದು ಪೆಡಲಿನಿಂದ ಕಾಲೆತ್ತಿದೆ. ದನಿ ಓಡುತ್ತಲೇ ಇತ್ತು. ಪೆಡಲು ಕೆಟ್ಟಿದೆ ಎಂದು ಬಗ್ಗಿ ನೋಡಿದರೆ ನನ್ನ ಪಾದ ಅದರ ಮೇಲೆಯೇ ಬಿದ್ದಿತ್ತು. ನಾನು ಎತ್ತಿದ್ದೇನೆ ಎಂದುಕೊಂಡಿದ್ದೆ, ಅಷ್ಟೇ. ಕಿವಿಯಲ್ಲಿ ಆ ಮನುಷ್ಯ ತನ್ನ ಪಾಡಿಗೆ ಹೇಳುತ್ತಾ ಹೋದ, ನಾನು ಕೈಯಿಂದ ಕಾಲು ತೆಗೆದಿಟ್ಟೆ.

ಈಗ ನಡೆಯುವಾಗ ಬಲಗಾಲಿನ ಚಪ್ಪಲಿ ತಾನಾಗಿ ಕಳಚಿ ಬೀಳುತ್ತದೆ. ಮೆಟ್ಟಿಲು ಹತ್ತುವಾಗ ಬೆರಳು ತಾಗಿ ಎರಡು ಸಲ ಬಿದ್ದೆ. ಟೀಮ್ ಲೀಡರ್ ಒಳ್ಳೆಯವಳು, “ಮೇಡಂ, ಲೀವ್ ತೀಸ್ಕೋಂಡಿ, ಪ್ಲೀಸ್” ಎಂದು ರಜೆ ಹಾಕಿಸಿ, ತಾನೇ ಆಟೋ ಹತ್ತಿಸಿ ಕಳಿಸಿದಳು. ಡಾಕ್ಟರು ನೋಡಿ, “ಜೂನ್‌ನಲ್ಲಿ ನಾನು ಹೇಳಿದ್ದು ಇದನ್ನೇ” ಎಂದರು. ತಡವಾದಷ್ಟೂ ಪಾದ ವಾಪಸ್ ಬರುವ ಖಾತ್ರಿ ಕಡಿಮೆಯಂತೆ. ಸಹಿ ಹಾಕುವ ಕಾಗದವನ್ನು ಕೈಗೇ ಕೊಟ್ಟು ಕಳಿಸಿದ್ದಾರೆ. ಅದು ದಿಂಬಿನ ಕೆಳಗಿದೆ.

ಸಹಿ ಹಾಕಲು ಹೋದರೆ ನೀನು ಗೋಡೆ ಹಿಡಿದು ನಿಂತದ್ದು ಕಾಣುತ್ತದೆ. ಹಾಕದಿದ್ದರೆ ಈ ಸತ್ತ ಪಾದ ಕಾಣುತ್ತದೆ. ಮಾಡಿಸಿದರೂ ಹಾಳು, ಬಿಟ್ಟರೂ ಹಾಳು. ನಿನ್ನೆ ಪೂರ್ವಿಗೆ ಜಡೆ ಹಾಕುತ್ತಿದ್ದಾಗ, ನಾಳೆ ಬೆಳಗ್ಗೆ ನಾನು ಏಳದೇ ಹೋದರೆ ಎಷ್ಟು ಚೆನ್ನಾಗಿರುತ್ತದೆ ಅನಿಸಿತು. ಅವಳ ಕೂದಲು ನನ್ನ ಕೈಯಲ್ಲೇ ಇತ್ತು. ಆಗಲೂ ಹಾಗನಿಸಿತು. ಇದನ್ನು ನಮ್ಮವರಿಗೆ ಹೇಳಿಲ್ಲ, ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ.

ಶಾಮಲಾ


ಗದಗ
24 ಸೆಪ್ಟೆಂಬರ್ 2002

ಶಾಮೂ, ನನ್ನ ಕೂಸೇ,

ನಿನ್ನ ಪತ್ರವನ್ನು ನಳಿನಿಯ ಮನೆಯ ಕಟ್ಟೆಯ ಮೇಲೆ ಕೂತು ಓದಿದೆ. ಕೂತು ಅಂದೆ, ನೋಡು. ಕಾಲು ಮಡಚಿ, ಒಂದು ತಾಸು ಕೂತಿದ್ದೆ. ನನಗೆ ಏನೂ ಆಗಲಿಲ್ಲ. ನಾಲ್ಕು ವರ್ಷದಿಂದ ನನಗೆ ಏನೂ ಆಗಿಲ್ಲ.

ನಾನು ಆರಾಮಾಗಿದ್ದೇನೆ. ಈ ಮಾತನ್ನು ಇವತ್ತಿನವರೆಗೆ ಯಾರ ಮುಂದೆಯೂ ಆಡಿಲ್ಲ, ನಿನ್ನ ಮಾಮಾ ಮುಂದೆಯೂ ಇಲ್ಲ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಈ ಮನೆಯಲ್ಲಿ ಹದಿನಾಲ್ಕು ಜನ. ಮದುವೆಯಾಗಿ ಬಂದ ಮರುದಿನದಿಂದ ಹದಿನೇಳು ವರ್ಷ ದಿನಕ್ಕೆ ಅರವತ್ತು ರೊಟ್ಟಿ ಬಡಿದೆ. ಎಂಟು ದಿನಕ್ಕೊಮ್ಮೆ ನಳ ಬಂದಾಗ ಕೊಡ ಹೊತ್ತು ನೀರಿನ ಹೌದಿ ತುಂಬಿಸಿದೆ. ಮಿರಜಿನಿಂದ ಬಂದಾಗ ಡಾಕ್ಟರು ಮೂರು ತಿಂಗಳು ಭಾರ ಎತ್ತಬಾರದು, ಬಗ್ಗಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು. ಆ ಮೂರು ತಿಂಗಳು ನಾನು ಮೊದಲ ಸಲ ಬಿಸಿ ರೊಟ್ಟಿ ತಿಂದೆ. ಬೇರೆಯವರು ಬಡಿದದ್ದು, ತಟ್ಟೆಗೆ ಬಂದು ಬಿದ್ದದ್ದು. ಮಧ್ಯಾಹ್ನ ಕಿಟಕಿಯ ಹತ್ತಿರ ಮಲಗಿ ಪೇಪರ್ ಓದಿದೆ. ಮೂರು ತಿಂಗಳು ಮುಗಿದ ಹೊತ್ತಿಗೆ ನೋವು ಎಲ್ಲಿಗೋ ಹೋಗಿತ್ತು. ಬಿದ್ದ ತಂಬಿಗೆಯನ್ನು ಎತ್ತಿ, ಯಾರಾದರೂ ನೋಡಿದರೇನೋ ಎಂದು ಮತ್ತೆ ಕೆಳಗಿಟ್ಟೆ! ಅವತ್ತಿನಿಂದ ಯಾರಾದರೂ ಎದುರಿಗಿದ್ದರೆ ಗೋಡೆ ಹಿಡಿಯುವುದನ್ನು ರೂಢಿ ಮಾಡಿಕೊಂಡೆ. ಹೈದರಾಬಾದಿಗೆ ಬರದಿದ್ದದ್ದೂ ಅದಕ್ಕೇ. ಒಂದು ಸಲ ಬಸ್ಸು ಹತ್ತಿದರೆ ನಾಟಕ ಮುಗಿದಂತೆ.

ನನ್ನ ಪಾಲಿನ ರೊಟ್ಟಿಯನ್ನು ನನ್ನ ನೆಗೆಣ್ಣಿ ಮಧುರಾ ಬಡಿಯುತ್ತಿದ್ದಾಳೆ. ಅವಳ ಹಿಟ್ಟಿನ ಕೈ ನೋಡಿದಾಗಲೆಲ್ಲ ನಾಳೆ ಹೇಳೋಣ ಎಂದುಕೊಂಡಿದ್ದೇನೆ. ಇದಕ್ಕೆ ನನಗೆ ಕ್ಷಮೆಯಿಲ್ಲ, ಗೊತ್ತು. ಆದರೆ ನನ್ನ ಈ ಸುಳ್ಳು ಗದಗ ದಾಟಿ ನಿನ್ನ ಕಾಲಿನವರೆಗೆ ಬಂದು ಮುಟ್ಟುತ್ತದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ನಿನ್ನ ನೋಟ್‌ಬುಕ್ಕಿನ ಬಗ್ಗೆ ಇನ್ನೊಂದು ಮಾತು. ಹೊಲಿಗೆ ಬಿಚ್ಚಿಸಿಕೊಂಡು ಬಂದ ಮೇಲೆ ನಾನು ಮಿರಜಿಗೆ ಮತ್ತೆ ಹೋಗಿಲ್ಲ. ಯಾಕೆ ಹೋಗಲಿ? ನನ್ನ ಫೈಲು ಅಲ್ಲಿಗೇ ನಿಂತಿತು. ಅಮೆರಿಕದಲ್ಲೂ ಹಾಗೇ ಅಲ್ಲವೇನು? ನೋವಿದ್ದವರು ಮತ್ತೆ ಬರುತ್ತಾರೆ, ಡಾಕ್ಟರು ಹೇಳುತ್ತಾರೆ, ನೀನು ಟೈಪ್ ಮಾಡುತ್ತೀ. ಆರಾಮಾದವರು ತಮ್ಮ ಮನೆಯಲ್ಲಿರುತ್ತಾರೆ. ಅವರು ನಿನ್ನ ಕಿವಿಗೆ ಎಲ್ಲಿಂದ ಬೀಳಬೇಕು?

ದಿಂಬಿನ ಕೆಳಗಿನ ಕಾಗದ ತೆಗೆ. ಸಹಿ ಹಾಕು. ಪೂರ್ವಿಯ ಜಡೆಯ ಮಾತು ಇನ್ನೊಂದು ಸಲ ಬರೆದರೆ ನಾನು ಉಳಿಯುವುದಿಲ್ಲ.

ಮಂದಾಕಿನಿ


ಸುಲ್ತಾನ್ ಬಜಾರ್
3 ಅಕ್ಟೋಬರ್ 2002

ಅಕ್ಕಾ,

ನನ್ನನ್ನು ಒಪ್ಪಿಸಲು ನೀನು ಎಷ್ಟು ದೂರ ಹೋಗುತ್ತೀ ಎನ್ನುವುದು ಗೊತ್ತಾಯಿತು. ಚಿಕ್ಕವಳಿದ್ದಾಗ ಕಹಿ ಔಷಧಿಗೆ ಬೆಲ್ಲ ಸವರಿ “ಸಿಹಿ ಐತಿ, ಕುಡಿ” ಎಂದವಳು ನೀನೇ ಅಲ್ಲವೇ. ಇದೂ ಅಂಥದ್ದೇ ಒಂದು.

ಯಾವ ಹೆಂಗಸು ಗಂಡನ ಮುಂದೆ, ಅತ್ತೆಯ ಮುಂದೆ ನಾಲ್ಕು ವರ್ಷ ನರಳಿ ತೋರಿಸಬಲ್ಲಳು? ನೋವಿಲ್ಲದವಳಂತೆ ನಾಲ್ಕು ನಿಮಿಷ ನಗಲು ನನಗೆ ಆಗುತ್ತಿಲ್ಲ. ನೀನು ಹೇಳುವುದೇ ನಿಜವಾದರೆ ನನ್ನ ಜೊತೆಗೂ ಸುಳ್ಳು ಹೇಳಿದ್ದೀಯ, ‘ಬಸ್ಸಿನಲ್ಲಿ ಕೂರಲು ಆಗುವುದಿಲ್ಲ’ ಎಂದು. ನಿಜವಲ್ಲದಿದ್ದರೆ ಈಗ ಸುಳ್ಳು ಹೇಳುತ್ತಿದ್ದೀಯ. ಯಾವ ಮಂದಾಕಿನಿಯನ್ನು ನಂಬಿ ನಾನು ಬೆನ್ನು ಕೊಯ್ಯಿಸಿಕೊಳ್ಳಲಿ?

ಫೈಲಿನ ಮಾತು ಮಾತ್ರ ತಲೆಯಲ್ಲಿ ಕೂತಿದೆ. ಆದರೆ ಅದು ಮಾತು. ನನಗೆ ಆರಾಮಾದ ಒಬ್ಬ ಮನುಷ್ಯ ಬೇಕು, ಕಣ್ಣಿಗೆ ಕಾಣಬೇಕು. ನನ್ನ ಹತ್ತಿರ ಒಬ್ಬರೂ ಇಲ್ಲ. ಪಾದದ ಮೇಲೆ ನಿನ್ನೆ ಬಿಸಿ ಚಹಾ ಚೆಲ್ಲಿತು, ಪೂರ್ವಿ ಕಿರುಚಿದ ಮೇಲೆ ನನಗೆ ತಿಳಿಯಿತು.

ಶಾಮಲಾ


ಗದಗ
14 ಅಕ್ಟೋಬರ್ 2002

ಶಾಮಲಾಗ ನಿಮ್ಮಕ್ಕನ ಅತ್ತಿ ಉಮಾಬಾಯಿ ಬರಸೂದು.

ಬರಿ. ನಾ ಹೇಳಿದ್ದಷ್ಟ ಬರಿ, ನಿಂದೇನೂ ಸೇರಸಬ್ಯಾಡ. ನಿನ್ನ ಕೈಲೇ ಬರಿ, ಅದ ನಿನಗ ಶಿಕ್ಷಾ.

ಏನವಾ ಶಾಮಲಾ, ನಿಮ್ಮಕ್ಕ ಎಂಥಾಕಿ ಅನ್ನೋದು ನಿನಗ ಮೊದಲ ಗೊತ್ತಿತ್ತೇನು? ನಿನ್ನೆ ನಳ ಬಂತು. ನಾ ಮಂಚದ ಮ್ಯಾಲ ಕುಂತಿದ್ದೆ. ಮಧುರಾ ಕೊಡ ತಗೊಂಡು ಹೊಂಟಿದ್ಲು, ಟೊಂಕ ಹಿಡದಿತ್ತು ಆಕಿಗೆ. ಈಕಿ ಬಂದಾಕಿ ಆಕಿ ಕೈಯಾಗಿನ ಕೊಡ ಕಸಗೊಂಡ್ಲು. ಸೀರಿ ಬಿಗದು ಕಟ್ಟಿದ್ಲು. ತಲಿ ಮ್ಯಾಲ ಒಂದು, ಟೊಂಕದಾಗ ಒಂದು. ನಾ ಗಾಬರಿ ಆಗಿ “ಏ ಬೀಳ್ತೀ, ಬೀಳ್ತೀ” ಅಂತ ಒದರಿದೆ. ಎಲ್ಲಿ ಬೀಳೂದು! ಇಪ್ಪತ್ತೆರಡು ಕೊಡ ಹೌದಿಗೆ ಹಾಕಿದ್ಲು. ನಾ ಎಣಿಸೀನಿ. ಇಪ್ಪತ್ತೆರಡು ಅಂತ ಬರದಿ? ಓದಿ ತೋರಸು. ಹಾಂ.

ಆಮ್ಯಾಲ ನನ್ನ ಮುಂದ ಬಂದು ಬಗ್ಗಿ ಕಾಲು ಹಿಡಕೊಂಡು, “ಅತ್ತೀ, ನಾ ಆರಾಮದೀನ್ರಿ, ನಾಕು ವರ್ಷದಿಂದ ಆರಾಮದೀನ್ರಿ” ಅಂದ್ಲು. ಮನಿ ಮಂದಿ ಎಲ್ಲಾ ನಿಂತು ಕೇಳಿದ್ರು. ಕಲ್ಯಾಣಪ್ಪ ಉಣ್ಣದ ಅಂಗಡಿಗೆ ಹೋದ. ಮಧುರಾ ಒಳಗ ಹೋಗಿ ಬಾಗಲಾ ಹಾಕ್ಕೊಂಡಾಳ, ಇನ್ನೂ ತಗದಿಲ್ಲ.

ನಾಕು ವರ್ಷ ಈಕಿ ಟೊಂಕಕ್ಕ ನಾ ಎಣ್ಣಿ ಕಾಸಿ ಕೊಟ್ಟೀನಿ. ನನ್ನ ಮಣಕಾಲು ಹಿಡದ್ರೂ ಎದ್ದು ಕಾಸೀನಿ. ಸೊಸಿ ಅನ್ನಲಿಲ್ಲ, ಮಗಳಂಗ ತಿಕ್ಕೀನಿ. ಯಾಕ ಅಳತಿ ಈಗ? ಬರಿ. ರೊಟ್ಟಿ ಬ್ಯಾಡಾಗಿತ್ತು ಅಂದ್ರ ಬ್ಯಾಡ ಅನ್ನಬೇಕಿತ್ತು. ನಾ ಬಿಡತಿದ್ನೋ ಇಲ್ಲೋ, ಅದು ಬ್ಯಾರೆ ಮಾತು. ಅನ್ನಬೇಕಿತ್ತು.

ನಿನಗ ಕಾಲು ಬಿದ್ದೈತಂತ, ಈಕಿ ಈಗ ಹೇಳಿದ್ಲು. ಆಪರೇಶನ್ ಮಾಡಿಸ್ಕೊತೀಯೋ ಬಿಡ್ತೀಯೋ ನಿನಗ ಬಿಟ್ಟಿದ್ದು. ಈಕಿ ಅಂತೂ ಕುದುರಿ ಆಗ್ಯಾಳ, ಅಷ್ಟ ನಾ ಕಂಡದ್ದು. ಮಾಡಿಸ್ಕೊಂಡ್ರ ಒಂದು ಮಾತು. ಆರಾಮಾದ ಮ್ಯಾಲ ಆರಾಮಾಗೀನಿ ಅಂತ ಮನಿ ಮಂದಿಗೆ ಹೇಳು. ಮುಗೀತು. ಮಡಚಿ ಹಾಕು.

(ಮೇಲಿನದು ಅತ್ತೆ ಹೇಳಿದ್ದು. ಅಕ್ಷರ ಮಾತ್ರ ನನ್ನದು. ಮಂದಾಕಿನಿ)


ಸುಲ್ತಾನ್ ಬಜಾರ್
22 ಅಕ್ಟೋಬರ್ 2002

ಅಕ್ಕಾ,

ಐದು ವರ್ಷದಿಂದ ಬೇರೆಯವರ ದನಿ ಕೇಳಿಯೇ ನಾನು ಹೊಟ್ಟೆ ಹೊರೆಯುತ್ತಿದ್ದೇನೆ. ಯಾರು ಕಂಡದ್ದನ್ನು ಹೇಳುತ್ತಿದ್ದಾರೆ, ಯಾರು ಕಟ್ಟಿ ಹೇಳುತ್ತಿದ್ದಾರೆ ಎನ್ನುವುದು ನನಗೆ ಎರಡು ವಾಕ್ಯದಲ್ಲಿ ಗೊತ್ತಾಗುತ್ತದೆ. ‘ಇಪ್ಪತ್ತೆರಡು ಅಂತ ಬರದಿ? ಓದಿ ತೋರಸು’ ಎನ್ನುವುದನ್ನು ನೀನು ಹುಟ್ಟಿಸಿ ಬರೆಯಲಾರೆ. ಅಷ್ಟು ಸಿಟ್ಟು ನಿನ್ನ ಹತ್ತಿರ ಇಲ್ಲ. ಆ ಪತ್ರವನ್ನು ನಮ್ಮವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮೊದಲು ನಕ್ಕರು, ಆಮೇಲೆ ನನ್ನ ಪಾದ ನೋಡುತ್ತ ಕೂತರು.

ಆ ಇಪ್ಪತ್ತೆರಡು ಕೊಡ ಹೊತ್ತು ನೀನು ಏನೇನು ಕಳೆದುಕೊಂಡೆ ಎಂದು ನನಗೆ ಅರ್ಥವಾಗುತ್ತದೆ. ಅದನ್ನು ನೀನು ಬರೆಯಲಿಲ್ಲ, ನಾನು ಕೇಳುವುದಿಲ್ಲ.

ಕಾಗದಕ್ಕೆ ಸಹಿ ಹಾಕಿದೆ. ನಾಳೆ ದಾಖಲಾಗಬೇಕು, ನಾಡಿದ್ದು ಬೆಳಗ್ಗೆ ಆಪರೇಶನ್. ನೋವು ಹೋಗಬಹುದು, ಪಾದದ ಬಗ್ಗೆ ಏನೂ ಹೇಳಲಾರೆ ಎಂದಿದ್ದಾರೆ ಡಾಕ್ಟರು. ಭಾಳ ಹೆದರಿಕೆಯಾಗುತ್ತಿದೆ, ಅಕ್ಕಾ. ಜಡೆ ಹಿಡಿದು ಎಳೆದುಕೊಂಡು ಹೋಗಲು ನೀನು ಇಲ್ಲಿ ಇರಬೇಕಿತ್ತು.

ಶಾಮಲಾ


ಸುಲ್ತಾನ್ ಬಜಾರ್
20 ನವೆಂಬರ್ 2002

ಅಕ್ಕಾ,

ನಮ್ಮವರು ಅವತ್ತೇ ನಳಿನಿಯ ಮನೆಗೆ ಫೋನ್ ಮಾಡಿ ‘ಎಲ್ಲ ಸರಿಯಾಯಿತು’ ಎಂದಷ್ಟೇ ಹೇಳಿದ್ದಾರೆ. ಉಳಿದದ್ದನ್ನು ನಾನು ಹೇಳಬೇಕು.

ಎಚ್ಚರವಾದಾಗ ಹೊಲಿಗೆ ಉರಿಯುತ್ತಿತ್ತು. ಕಾಲಿನೊಳಗಿನ ಆ ತಂತಿ ಮಾತ್ರ ಇರಲಿಲ್ಲ. ನಂಬಿಕೆಯಾಗದೆ ಹುಡುಕಿದೆ, ಅಲ್ಲಾಡಿಸಿ ನೋಡಿದೆ. ಇರಲಿಲ್ಲ. ಎರಡು ವರ್ಷದಿಂದ ಜೊತೆಗಿದ್ದದ್ದು ಹೇಳದೆ ಕೇಳದೆ ಎದ್ದು ಹೋಗಿತ್ತು. ಪಕ್ಕದ ಹಾಸಿಗೆಯವಳು ಗಾಬರಿಯಾಗುವಷ್ಟು ಅತ್ತೆ.

ಪಾದ ಬಂದಿಲ್ಲ. ಹೆಬ್ಬೆರಳು ಒಂದಿಷ್ಟು ಅಲ್ಲಾಡುತ್ತದೆ. ಒಂದು ವರ್ಷ ನೋಡೋಣ, ಜೂನ್‌ನಲ್ಲೇ ಬಂದಿದ್ದರೆ ಮಾತು ಬೇರೆ ಇತ್ತು ಎಂದರು ಡಾಕ್ಟರು. ಬೂಟಿನೊಳಗೆ ಹಾಕುವ ಪ್ಲಾಸ್ಟಿಕ್ಕಿನ ಆಧಾರ ಕೊಟ್ಟಿದ್ದಾರೆ, ಅದನ್ನು ಹಾಕಿಕೊಂಡು ಕಾಲೆಳೆಯುತ್ತ ನಡೆಯುತ್ತೇನೆ. ನಿನಗೆ ಬರೆಯದೆ ಇರಬಹುದಿತ್ತು. ಈ ಕಾಲಿಗೆ ನಾನೆಷ್ಟು ಕಾರಣವೋ ನೀನೂ ಅಷ್ಟೇ ಕಾರಣ, ಅಕ್ಕಾ. ಆಸ್ಪತ್ರೆಯಲ್ಲಿ ಮಲಗಿಕೊಂಡು ಹದಿನೈದು ದಿನ ನಿನ್ನನ್ನು ಮನಸಾರೆ ಬೈದೆ. ಹದಿನಾಲ್ಕು ಜನರ ಮನೆಯಲ್ಲಿ ಆರಾಮಾಗಿ ಬಿದ್ದುಕೊಂಡಿರಲು ನನ್ನ ಪಾದ ಕೊಟ್ಟೆ ಎಂದು ಬೈದೆ. ಪೂರ್ವಿಯೂ ಕೇಳಿದಳು, “ದೊಡ್ಡವ್ವ ಯಾಕ ಸುಳ್ಳ ಹೇಳಿದ್ಲು?” ನನ್ನಲ್ಲಿ ಸಿಟ್ಟಿತ್ತು, ಅಷ್ಟೇ. ಈ ಪತ್ರವನ್ನು ಹಾಗೆಯೇ ಬರೆದು ಮುಗಿಸಬೇಕೆಂದು ಇವತ್ತು ಬೆಳಗ್ಗೆ ಕಾಗದ ಹಿಡಿದು ಕೂತಿದ್ದೆ.

ಆಗ ನಮ್ಮವರು ಚಹಾ ಮಾಡಿಕೊಂಡು ಬಂದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಈ ಮನುಷ್ಯನಿಗೆ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಈಗ ನಾಲ್ಕು ವಾರದಿಂದ ಪೂರ್ವಿಯ ಡಬ್ಬಿ ಕಟ್ಟುವವರು ಅವರೇ, ಮಾರ್ಕೆಟ್ಟಿನಿಂದ ಕಾಯಿಪಲ್ಯ ತರುವವರೂ ಅವರೇ. ಚಹಾ ಕೊಟ್ಟು ಪಕ್ಕದಲ್ಲಿ ಕೂತು, “ಆಫೀಸಿನವರ ಫೋನ್ ಬಂದಿತ್ತು. ಮುಂದಿನ ವಾರ ಬರ್ತಾರೇನು ಅಂತ ಕೇಳಾಕತ್ತಿದ್ರು. ನೋವು ಹೆಂಗೈತಿ ಈಗ?” ಎಂದರು. ಎಷ್ಟು ಮೆತ್ತಗೆ ಕೇಳಿದರು ಗೊತ್ತೇನು! ಎರಡು ವರ್ಷ ನಾನು ನೆಲದ ಮೇಲೆ ಉರುಳಾಡುವಾಗ ಈ ಮಾತು ಈ ದನಿಯಲ್ಲಿ ಒಂದು ಸಲವೂ ಬಂದಿರಲಿಲ್ಲ.

ನನ್ನ ಕೈ ತಾನಾಗಿ ಹೋಗಿ ಸೊಂಟ ಹಿಡಿಯಿತು. ಅವರು ಕೂಡಲೇ ಎದ್ದು, “ಮಲಕೋ, ಮಲಕೋ, ಅವಸರ ಏನೈತಿ. ನಾ ಹೇಳ್ತೀನಿ ಅವರಿಗೆ” ಎಂದು ದಿಂಬು ಸರಿ ಮಾಡಿ ಒಳಗೆ ಹೋದರು. ಅನ್ನಕ್ಕಿಡುವ ಸಪ್ಪಳ ಕೇಳಿಸಿತು. ನಾನು ಮಲಗಿಕೊಂಡೆ. ನನಗೆ ಆಗ ಒಂದು ಚೂರೂ ನೋವಿರಲಿಲ್ಲ, ಅಕ್ಕಾ.

ನಾಳೆ ಅವರಿಗೆ ನಿಜ ಹೇಳುತ್ತೇನೆ ಎಂದುಕೊಂಡಿದ್ದೇನೆ. ನೀನೂ ಮೊದಲ ದಿನ ಹಾಗೇ ಅಂದುಕೊಂಡಿದ್ದೆಯಾ?

ನಿನ್ನ
ಶಾಮೂ